ಈಜುಕೊಳದಲ್ಲಿ ತೆಂಗಿನೆಣ್ಣೆ

ಮಿಷಿಗನ್‌ನಲ್ಲಿ ತೆಂಗಿನೆಣ್ಣೆ ವರ್ಷದ ಬಹುಪಾಲು ಕಲ್ಲಾಗಿಯೇ ಇರುತ್ತದೆ. ಬಾಟಲಿಯನ್ನು ಬಿಸಿನೀರಿನ ಮಗ್ಗಿನಲ್ಲಿ ನಿಲ್ಲಿಸಿ ಕಾಯಬೇಕು, ಇಲ್ಲವೇ ಚಮಚದ ಹಿಡಿಯಿಂದ ಕೆದಕಬೇಕು. ಇಷ್ಟು ವರ್ಷಗಳಿಂದ ಇದನ್ನು ನೋಡುತ್ತಲೇ ಇರುವ ನಮ್ಮಲ್ಲಿ ಒಬ್ಬರಿಗಾದರೂ, ಇದೇ ಎಣ್ಣೆ ತಣ್ಣೀರಿಗೆ ಬಿದ್ದರೆ ಏನಾದೀತು ಎಂಬ ಯೋಚನೆ ಬರಬೇಕಾಗಿತ್ತು. ನಾನು ಇಂಜಿನಿಯರ್. ನನ್ನ ಅಕ್ಕ ಡಾಕ್ಟರ್. ಭಾವನಂತೂ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿಯೇ ರಿಟೈರ್ ಆದವರು. ಯಾರಿಗೂ ಬರಲಿಲ್ಲ.

ನನಗೆ ಕ್ಯಾಂಪಿಂಗ್ ಕಂಡರೆ ಆಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ರಾಚೆಸ್ಟರ್ ಹಿಲ್ಸ್‌ನಲ್ಲಿ ಏಸಿ ಇರುವ, ಮೂರು ಬಚ್ಚಲುಗಳಿರುವ ಮನೆಗೆ ಬೀಗ ಹಾಕಿಕೊಂಡು ಹೋಗಿ, ಬಟ್ಟೆಯ ಗೂಡಿನಲ್ಲಿ ಮಲಗಿ, ಬೆಳಗ್ಗೆದ್ದು ಟೂತ್‌ಬ್ರಷ್ ಹಿಡಿದು ಗುರುತಿಲ್ಲದವರ ಹಿಂದೆ ಸಾಲು ನಿಲ್ಲುವುದಕ್ಕೆ ರಜೆ ಎಂದು ಹೆಸರಿಟ್ಟವರು ಯಾರೋ ಕಾಣೆ. ಮೈಸೂರಿನಲ್ಲಿ ನಾವು ಚಿಕ್ಕವರಾಗಿದ್ದಾಗ ಬಚ್ಚಲಿಗೆ ಸಾಲು ನಿಂತದ್ದು ಸಾಲದೆ ಹೋಯಿತೇ ಎಂದು ಪ್ರತಿ ವರ್ಷ ಹೆಂಡತಿಯನ್ನು ಕೇಳುತ್ತೇನೆ. ಅವಳು ಊಟದ ಕೂಲರ್ ಪೆಟ್ಟಿಗೆಗೆ ಐಸ್ ತುಂಬುತ್ತಾಳೆ.

ಆದರೂ ಜುಲೈ ಬಂದರೆ ಹೋಗುತ್ತಿದ್ದೆವು. ಅಕ್ಕ, ಭಾವ ಇರುವುದು ಶಿಕಾಗೋ ಕಡೆ, ಓಕ್ ಬ್ರೂಕ್ ಹತ್ತಿರ. ಅವರು ಮಿಷಿಗನ್ ಕೆರೆಯ ಬುಡ ಬಳಸಿಕೊಂಡು ಈ ಕಡೆ ಬರುತ್ತಿದ್ದರು, ನಾವು ಆ ಕಡೆ ಹೋಗುತ್ತಿದ್ದೆವು. ನಡುವೆ ಹೈವೇಯಿಂದ ಒಂದು ಎಕ್ಸಿಟ್ ಇಳಿದು, ಬ್ಲೂಬೆರಿ ತೋಟಗಳ ಮಧ್ಯೆ ಮೂರು ಮೈಲಿ ಹೋದರೆ ಆ ಕ್ಯಾಂಪ್‌ಗ್ರೌಂಡ್. ಸೌತ್‌ಫೀಲ್ಡ್‌ನಲ್ಲಿರುವ ನಮ್ಮ ಸ್ನೇಹಿತರ ಕುಟುಂಬವೂ ಜೊತೆಗೆ ಬರುತ್ತಿತ್ತು. ಅವರು ಧಾರವಾಡ ಕಡೆಯವರು; ಗಂಡ, ಹೆಂಡತಿ, ಒಬ್ಬರಿಗಿಂತ ಒಬ್ಬರು ಗಟ್ಟಿಯಾದ ಇಬ್ಬರು ಗಂಡುಮಕ್ಕಳು.

ದೇಶದಲ್ಲಿ ಸಾವಿರ ಕ್ಯಾಂಪ್‌ಗ್ರೌಂಡ್ ಇದ್ದರೂ ನಾವು ಅದನ್ನೇ ಹಿಡಿದುಕೊಂಡದ್ದಕ್ಕೆ ಕಾರಣ ಅಲ್ಲಿನ ಈಜುಕೊಳ. ಅದಕ್ಕೆ ಅಗಲವಾದ ಮೆಟ್ಟಿಲುಗಳಿದ್ದವು, ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ ಇತ್ತು, ಒಂದು ಬದಿಯಲ್ಲಿ ಎದೆಮಟ್ಟದ ನೀರು, ಕೆಳಗೆ ಸಮನಾದ ನೆಲ. ಆ ಬದಿಯಲ್ಲಿ ನನ್ನ ಅಕ್ಕ ನಡೆಯುತ್ತಿದ್ದಳು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮಕ್ಕಳ ಡಾಕ್ಟರ್. ಕೆಲವು ವರ್ಷಗಳ ಹಿಂದೆ ಆಸ್ಪತ್ರೆಯ ಕಾರಿಡಾರಿನಲ್ಲಿ ಸುಮ್ಮಸುಮ್ಮನೆ ಎಡವತೊಡಗಿದಳು. ಆಮೇಲೆ ಉದ್ದನೆಯ ಹೆಸರಿನ ಒಂದು ಕಾಯಿಲೆ ಎಂದು ಗೊತ್ತಾಯಿತು. ಕೈಗಳಿಗೆ ಏನೂ ಆಗುವುದಿಲ್ಲ, ತಲೆಗೆ ಏನೂ ಆಗುವುದಿಲ್ಲ. ಕಾಲಿನ ಬಲ ಮಾತ್ರ ತೂತು ಬಿದ್ದ ಕೊಡದಿಂದ ನೀರು ಹೋದಂತೆ ಹೋಗುತ್ತದೆ. ಔಷಧವಿಲ್ಲ. ಹೋದದ್ದು ಹಿಂದಕ್ಕೆ ಬರುವುದಿಲ್ಲ ಎಂದು ಅವಳೇ ನನಗೆ ಫೋನಿನಲ್ಲಿ ಹೇಳಿದಳು, ಮಗುವಿನ ಜ್ವರದ ವಿಷಯ ಹೇಳುವ ದನಿಯಲ್ಲಿ.

ನೀರಿನಲ್ಲಿ ಮಾತ್ರ ಅವಳು ಬೇರೆಯವಳಾಗುತ್ತಿದ್ದಳು. "ನೀರಲ್ಲಿ ಭಾರಾನೇ ಇರಲ್ಲ ಕಣೋ," ಅನ್ನುತ್ತಿದ್ದಳು. ಅವಳ ಮನೆಯ ಹತ್ತಿರ ಇಂಥವರಿಗೆಂದೇ ಬೆಚ್ಚನೆಯ ನೀರಿನ ಕೊಳವಿದೆ. ಅಲ್ಲಿಗೆ ಹೋಗಲು ಒಪ್ಪಲಿಲ್ಲ, ಅಲ್ಲಿನ ನರ್ಸುಗಳೆಲ್ಲ ಅವಳ ಪರಿಚಯದವರು. ಇಲ್ಲಿ ಯಾರಿಗೂ ಅವಳು ಯಾರೆಂದು ಗೊತ್ತಿರಲಿಲ್ಲ. ಹಿಂದಿನ ವರ್ಷ ಈ ಗೋಡೆಯಿಂದ ಆ ಗೋಡೆಗೆ ಯಾರ ಕೈಯನ್ನೂ ಹಿಡಿಯದೆ ನಡೆದು, ತಿರುಗಿ ನಿಂತು ನನಗೆ ನಾಲಗೆ ಚಾಚಿ ಅಣಕಿಸಿದ್ದಳು. ಅರವತ್ತು ದಾಟಿದ ಹೆಂಗಸು.

ಆ ಚಳಿಗಾಲದಲ್ಲಿ ಊರುಗೋಲು ಹೋಗಿ ವಾಕರ್ ಬಂತು. ವಾಕರಿನ ಜೊತೆಯಲ್ಲೇ ಎರಡು ಸಲ ಬಿದ್ದಳು. ಮೋಟಾರಿನ ಗಾಲಿಕುರ್ಚಿ ತರಿಸಿ ಎಂದು ಅವಳ ಡಾಕ್ಟರ್ ಹೇಳಿದರು. ಅಕ್ಕ ಹಟ ಹಿಡಿದಳು. "ಅದರಲ್ಲಿ ಒಂದು ಸಲ ಕೂತ್ರೆ ಮುಗೀತು, ಮತ್ತೆ ಏಳಲ್ಲ. ಮಕ್ಕಳ ವಿಷಯದಲ್ಲಿ ಎಷ್ಟು ತಾಯಂದಿರಿಗೆ ನಾನೇ ಇದನ್ನ ಹೇಳಿಲ್ಲ?" ಕೊನೆಗೆ ಗಂಡನ ಜೊತೆ ಒಂದು ಒಪ್ಪಂದಕ್ಕೆ ಬಂದಳು. ಜುಲೈಯಲ್ಲಿ ಪೂಲಿಗೆ ಇಳಿಯುತ್ತೇನೆ. ಗೋಡೆಯಿಂದ ಗೋಡೆಗೆ ನಡೆದರೆ ಕುರ್ಚಿಯ ಮಾತು ಎತ್ತಕೂಡದು. ನಡೆಯದಿದ್ದರೆ ತರಿಸಿ.

ಇಡೀ ಚಳಿಗಾಲ ಅವಳು ಫೋನಿನಲ್ಲಿ ಜುಲೈ ಜುಲೈ ಎಂದು ಜಪ ಮಾಡಿದಳು. ನನಗೆ ಆ ತಿಂಗಳು ಬರುವುದೇ ಬೇಡವಾಗಿತ್ತು.

ಶುಕ್ರವಾರ ಸಂಜೆ ನಾವು ತಲುಪುವ ಹೊತ್ತಿಗೆ ಭಾವ ಬಂದು ಟೆಂಟಿನ ಜೊತೆ ಜಗಳಕ್ಕೆ ನಿಂತಿದ್ದರು. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅವರ ಕಾರು. ಮರದ ಅಂಟು, ಹಕ್ಕಿಯ ಹಿಕ್ಕೆ, ಗಾಜಿನ ಸಂದಿಯಲ್ಲಿ ಒಣಗಿದ ಎಲೆ. ಇಬ್ಬನಿ ಬಿದ್ದೀತೆಂದು ಕಾರನ್ನು ಗರಾಜಿನೊಳಗೆ ಇಟ್ಟು, ವಾರಕ್ಕೊಮ್ಮೆ ಮಗುವಿಗೆ ಸ್ನಾನ ಮಾಡಿಸಿದ ಹಾಗೆ ತೊಳೆಯುತ್ತಿದ್ದ ಮನುಷ್ಯ.

"ಏನು ಭಾವ, ಕಾರಿಗೆ ವೈರಾಗ್ಯ ಬಂದ ಹಾಗಿದೆ?" ಎಂದೆ.

"ತೊಳೆಯೋಕೆ ಟೈಮ್ ಆಗ್ಲಿಲ್ಲ ಕಣಯ್ಯ," ಅಂದರು. ರಿಟೈರ್ ಆದವರಿಗೆ ಅದೇನು ಟೈಮಿನ ಬರವೋ ಎಂದುಕೊಂಡೆ.

ಟೆಂಟ್ ಒಂದು ಕಡೆ ಎದ್ದರೆ ಇನ್ನೊಂದು ಕಡೆ ಮಲಗುತ್ತಿತ್ತು. ಭಾವ ಗೂಟವನ್ನು ಕೈಲಿ ಹಿಡಿದುಕೊಂಡು, "ಇಲ್ಲಿ ನೆಲ ಇಳಿಜಾರಿದೆ, ಅದಕ್ಕೇ ನಿಲ್ತಿಲ್ಲ," ಎಂದು ವಿವರಿಸಿದರು.

ಮಡಿಸುವ ಕುರ್ಚಿಯಲ್ಲಿ ಕುಳಿತಿದ್ದ ಅಕ್ಕ ತಲೆ ಎತ್ತದೆ, "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ," ಅಂದಳು.

ಅದು ಅವಳ ಗಾದೆ. ನಾನು ಸೈಕಲ್ಲಿನಿಂದ ಬಿದ್ದು ರಸ್ತೆಯನ್ನು ಬೈದಾಗ, ಲೆಕ್ಕದಲ್ಲಿ ಕಮ್ಮಿ ಬಂದು ಮೇಷ್ಟರನ್ನು ಬೈದಾಗ, ಇಲ್ಲಿಗೆ ಬಂದು ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾಗಿ ಆ ಪರೀಕ್ಷಕಳನ್ನು ಬೈದಾಗ, ಪ್ರತಿ ಸಲವೂ ಅವಳು ಹೇಳಿದ್ದು ಇದೊಂದೇ ಮಾತು. ನಮ್ಮ ಮನೆಯಲ್ಲಿ ನೆಪ ಹೇಳಿ ಅವಳಿಂದ ತಪ್ಪಿಸಿಕೊಂಡವರು ಯಾರೂ ಇಲ್ಲ.

ಕ್ಯಾಂಪ್‌ಗ್ರೌಂಡಿನ ಮ್ಯಾನೇಜರ್ ನನ್ನ ವಯಸ್ಸಿನ ಒಬ್ಬ ಹೆಂಗಸು. ಬಿಸಿಲಿಗೆ ಕೆಂಪಾದ ಮುಖ, ಟೋಪಿ. ನಮ್ಮನ್ನು ಪ್ರತಿ ವರ್ಷ ನೋಡಿ ಗೊತ್ತು. ಅಕ್ಕನ ವಾಕರ್ ನೋಡಿ, ಪೂಲಿನ ಅಂಚಿನಲ್ಲಿ ನಿಲ್ಲಿಸಿದ್ದ ಒಂದು ಲಿಫ್ಟ್ ತೋರಿಸಿದಳು: ಕಂಬಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಕುರ್ಚಿ, ಗುಂಡಿ ಒತ್ತಿದರೆ ನಿಧಾನವಾಗಿ ನೀರಿಗೆ ಇಳಿಯುತ್ತದೆ. ಅಕ್ಕ ಅವಳಿಗೆ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿ, ನನ್ನ ಕಡೆ ತಿರುಗಿ, "ನನ್ನನ್ನೇನು ಗಣೇಶನ್ನ ಬಿಡೋ ಹಾಗೆ ಕ್ರೇನಲ್ಲಿ ಬಿಡ್ತಾರಂತೇನೋ? ಮೆಟ್ಟಿಲಿಲ್ವಾ ನನಗೆ?" ಅಂದಳು.

ಆ ಪೂಲಿನ ಬದಿಯಲ್ಲಿ ನಾವು ಎಂಥ ದೃಶ್ಯವಾಗಿದ್ದೆವೋ ದೇವರೇ ಬಲ್ಲ. ಬೇರೆಯವರು ಬಿಸಿಲು ಬೀಳುವ ಕಡೆಗೆ ಪ್ಲಾಸ್ಟಿಕ್ಕಿನ ಒರಗುಮಂಚ ಎಳೆದುಕೊಳ್ಳುತ್ತಿದ್ದರು. ನಾವು ನೆರಳು ಇರುವ ಕಡೆಗೆ ಎಳೆದುಕೊಂಡು, ಒಂದೇ ಛತ್ರಿಯ ಕೆಳಗೆ ಏಳೆಂಟು ಜನ ಮದುವೆಮನೆಯ ಜಮಖಾನದ ಮೇಲೆ ಕುಳಿತಂತೆ ಕುಳಿತಿರುತ್ತಿದ್ದೆವು. ಅವರ ಬುಟ್ಟಿಗಳಿಂದ ಸನ್‌ಸ್ಕ್ರೀನ್, ಪುಸ್ತಕ ಹೊರಬರುತ್ತಿದ್ದವು. ನಮ್ಮ ಚೀಲದಿಂದ ಪುಳಿಯೋಗರೆ, ಚಿತ್ರಾನ್ನ, ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ. ಬೇಲಿಯೊಳಗೆ ಊಟ ತರಬಾರದೆಂದು ಬೋರ್ಡಿತ್ತು. ಧಾರವಾಡದ ಗೃಹಿಣಿ ಬೇಲಿಯ ಆಚೆ ನಿಂತು, ಈಚೆ ಇದ್ದ ಮಕ್ಕಳ ಬಾಯಿಗೆ ಬೇಲಿಯ ಸಂದಿಯಿಂದಲೇ ತುತ್ತು ಇಡುತ್ತಿದ್ದರು. ನಿಯಮ ಮುರಿದಂತೆ ಆಗುತ್ತಿರಲಿಲ್ಲ. ನನ್ನ ಹೆಂಡತಿ ಕತ್ತಿನಿಂದ ಪಾದದವರೆಗೆ ಮುಚ್ಚುವ ಕಪ್ಪು ಉಡುಪು ಹಾಕಿಕೊಂಡು, ಅದರ ಮೇಲೆ ನನ್ನ ಟೀ ಶರ್ಟ್ ಹಾಕಿಕೊಂಡು, ಅದರ ಮೇಲೆ ಟವೆಲ್ ಸುತ್ತಿಕೊಂಡು ಮೊಣಕಾಲಿನ ತನಕ ನೀರಿಗೆ ಇಳಿದು, ಈಜಿ ಬಂದೆ ಅನ್ನುತ್ತಿದ್ದಳು. ಹದಿನೈದು ವರ್ಷದ ನನ್ನ ಮಗಳು ಕೊಳದ ಆಚೆ ದಡದಲ್ಲಿ, ನಮಗೆ ಆದಷ್ಟು ದೂರದ ಮಂಚ ಹಿಡಿದು, ಕಪ್ಪು ಕನ್ನಡಕ ಹಾಕಿಕೊಂಡು ಮಲಗಿರುತ್ತಿದ್ದಳು. ನಾನು ಕೈ ಬೀಸಿದರೆ ಯಾರೋ ಹುಚ್ಚ ಬೀಸುತ್ತಿದ್ದಾನೆ ಎಂಬಂತೆ ಹಿಂದೆ ತಿರುಗಿ ನೋಡುತ್ತಿದ್ದಳು.

ಶನಿವಾರ ಬೆಳಗ್ಗೆ ಇನ್ನೂ ಚಳಿ ಇತ್ತು. ರಾತ್ರಿಯೆಲ್ಲ ತಣಿದ ನೀರು ಬಿಸಿಲಿಗೆ ಕಾದ ಮೇಲೆ, ಮಧ್ಯಾಹ್ನ ಮೂರರ ಹೊತ್ತಿಗೆ ಅಕ್ಕ ಇಳಿಯುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ಸುಮ್ಮನೆ ಕೂರುವ ಜಾತಿಯಲ್ಲ ಅವಳದು. ಕ್ಯಾಂಪ್ ಸ್ಟವ್ ಮೇಲೆ ನೀರು ಕಾಯಿಸಿ, ಅದರಲ್ಲಿ ತೆಂಗಿನೆಣ್ಣೆಯ ಬಾಟಲಿ ಇಟ್ಟು ಕರಗಿಸಿ, ಮಕ್ಕಳನ್ನೆಲ್ಲ ಕರೆದಳು.

"ಪೂಲ್ ನೀರಲ್ಲಿ ಕ್ಲೋರಿನ್ ಇರುತ್ತೆ. ಕೂದಲು ತೆಂಗಿನ ನಾರಾಗುತ್ತೆ. ಮೊದಲೇ ಎಣ್ಣೆ ಕುಡಿದ ಕೂದಲು ಆ ನೀರು ಕುಡಿಯಲ್ಲ. ಸೈನ್ಸ್ ಇದು," ಅಂದಳು. ಡಾಕ್ಟರ್ ಹೇಳಿದ ಮೇಲೆ ಇನ್ನೇನು.

ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ಹಚ್ಚಿದಳು. ಅವಳು ಎಣ್ಣೆ ಹಚ್ಚುವುದು ನನಗೆ ಗೊತ್ತು. ಚಿಕ್ಕಂದಿನಲ್ಲಿ ಭಾನುವಾರ ಬಂತೆಂದರೆ ನನ್ನನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ತಲೆಗೆ ಹರಳೆಣ್ಣೆ ತಟ್ಟುತ್ತಿದ್ದಳು. ಕೊಸರಾಡಿದರೆ ಮೊಣಕಾಲು ಬಿಗಿಯಾಗುತ್ತಿತ್ತು. ಆ ಬಿಗಿಯಿಂದ ಬಿಡಿಸಿಕೊಂಡು ಓಡಲು ನನಗೆ ಯಾವತ್ತೂ ಆಗಲಿಲ್ಲ. ಈಗ ನನ್ನ ಒಂಬತ್ತು ವರ್ಷದ ಮಗ ಅವಳ ಕಾಲುಗಳ ಮಧ್ಯದಿಂದ ಸಲೀಸಾಗಿ ಎದ್ದು ಹೋಗುತ್ತಿದ್ದ. ಅವಳು ಕೈಯಿಂದ ಅವನ ಅಂಗಿ ಹಿಡಿದು ಮತ್ತೆ ಕೂರಿಸುತ್ತಿದ್ದಳು.

ಎಣ್ಣೆ ಕಿವಿಯ ಹಿಂದೆ ಇಳಿದು ಕತ್ತಿಗೆ ಬಂದರೆ ಮಾತ್ರ ಹಚ್ಚಿದ ಲೆಕ್ಕ. ಮಕ್ಕಳು ಮುಗಿದ ಮೇಲೆ ದೊಡ್ಡವರು. ನನಗೆ ಕೂದಲೇ ಇಲ್ಲವೆಂದರೆ, "ಕೂದಲಿಲ್ಲ ಅಂದ್ರೆ ತಲೆ ಇಲ್ಲ ಅಂತಲ್ಲ, ಬಾ," ಅಂದಳು. ಹೋಗಿ ಕುಳಿತೆ. ಐವತ್ತು ದಾಟಿದ ಮೇಲೂ ಆ ಕೈಯ ಕೆಳಗೆ ಕಣ್ಣು ತಾನಾಗಿ ಮುಚ್ಚುತ್ತದೆ.

ಸೌತ್‌ಫೀಲ್ಡಿನ ಯಜಮಾನರು ಇದನ್ನೆಲ್ಲ ನೋಡಿ ಹುರುಪುಗೊಂಡರು. "ಅಕ್ಕಾರ, ತಲಿಗೆ ಅಷ್ಟ ಅಲ್ರಿ, ಮೈಗೂ ಹಚ್ಚಬೇಕ್ರಿ. ನಮ್ಮೂರ ಬಾವ್ಯಾಗ ಈಸ ಕಲತಾಂವ ನಾನು. ಎಣ್ಣಿ ಹಚ್ಚದ ನೀರಿಗೆ ಇಳದ್ರ ನಮ್ಮಪ್ಪ ಬೈತಿದ್ರು," ಎಂದು ಇನ್ನೊಂದು ಬಾಟಲಿ ಕೈಗೆ ತೆಗೆದುಕೊಂಡು, ಕುಸ್ತಿಗೆ ಇಳಿಯುವ ಪೈಲ್ವಾನನ ಹಾಗೆ ಎದೆ, ಬೆನ್ನು, ತೊಡೆಗೆಲ್ಲ ತೀಡಿಕೊಂಡರು. ಅವರದು ಸಣ್ಣ ಮೈಯಲ್ಲ. ಬಾಟಲಿ ಖಾಲಿಯಾಯಿತು.

ಇಳಿಯುವ ಮೊದಲು ಶವರ್ ತೆಗೆದುಕೊಳ್ಳಬೇಕೆಂದು ಗೇಟಿನಲ್ಲಿ ದೊಡ್ಡಕ್ಷರದಲ್ಲಿ ಬರೆದಿತ್ತು. ಹಚ್ಚಿದ ಎಣ್ಣೆ ತೊಳೆದುಕೊಂಡರೆ ಹಚ್ಚಿದ್ದು ಯಾಕೆ ಎಂದು ಅಕ್ಕ ಕೇಳಿದಳು. ಹತ್ತು ಗಂಟೆಗೆ ನಾವು ಮಿಣಮಿಣ ಮಿನುಗುತ್ತ ಮೆರವಣಿಗೆಯಲ್ಲಿ ಹೋದೆವು. ಮಕ್ಕಳು ಒಟ್ಟಿಗೆ ಧುಮುಕಿದರು. ಅವರ ಹಿಂದೆ ಯಜಮಾನರು ಓಡಿಬಂದು, ಮೊಣಕಾಲು ಎದೆಗೆ ತಬ್ಬಿಕೊಂಡು ಬಾವಿಗೆ ಹಾರುವಂತೆಯೇ ಹಾರಿದರು. ಎದುರು ದಡದ ಮಂಚಗಳ ತನಕ ನೀರು ಚಿಮ್ಮಿತು.

ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿತ್ತು. ಆಮೇಲೆ ಮಗ ಅಂಗೈಯಲ್ಲಿ ಏನನ್ನೋ ಹಿಡಿದುಕೊಂಡು ಅಂಚಿಗೆ ಬಂದ. "ಅಪ್ಪಾ, ಲುಕ್. ಇಟ್ಸ್ ಸ್ನೋಯಿಂಗ್ ಇನ್ ದ ಪೂಲ್."

ಬಿಳಿಯ ಚೂರುಗಳು. ನೋಡನೋಡುತ್ತಿದ್ದಂತೆ ಹೆಚ್ಚಾದವು. ತಣ್ಣನೆಯ ನೀರಿಗೆ ಎಣ್ಣೆ ಹೆಪ್ಪುಗಟ್ಟಿ ಅವಲಕ್ಕಿಯ ಹಾಗೆ ತೇಲುತ್ತಿತ್ತು. ಅವುಗಳ ಸುತ್ತ ಬಿಸಿಲಿಗೆ ಬಣ್ಣಬಣ್ಣದ ಜಿಡ್ಡಿನ ಪೊರೆ. ಯಜಮಾನರು ಮೀಸೆಯ ಮೇಲೆ ಅಂಟಿದ್ದನ್ನು ಒರೆಸಿಕೊಂಡು, "ಇದೇನ್ರೀ, ನೀರಾಗ ಆಣಿಕಲ್ಲ ಬಿದ್ದಂಗ ಆಗೇದ," ಅಂದರು. ಪಕ್ಕದಲ್ಲಿ ಗುಲಾಬಿ ಹಕ್ಕಿಯ ಆಕಾರದ ಗಾಳಿಚೀಲದ ಮೇಲೆ ಮಲಗಿ ತೇಲುತ್ತಿದ್ದ ಒಬ್ಬ ಅಜ್ಜ ತನ್ನ ತೋಳು ಮೂಸಿ ನೋಡಿದ. ನೀರು ಶುಚಿ ಮಾಡುವ ಯಂತ್ರ ಕೆಮ್ಮುವ ಸದ್ದು ಮಾಡಿ ನಿಂತುಹೋಯಿತು.

ಮ್ಯಾನೇಜರ್ ಬಂದು ಎಲ್ಲರನ್ನೂ ಮೇಲೆ ಬರಲು ಹೇಳಿದಳು. ಮಂಡಿಯೂರಿ ಕುಳಿತು ಒಂದು ಚೂರನ್ನು ಬೆರಳಿನಲ್ಲಿ ಹಿಸುಕಿ, ಯಾರಾದರೂ ಮೇಣದಬತ್ತಿ ಹಾಕಿದಿರಾ ಎಂದು ಕೇಳಿದಳು. ಹನ್ನೆರಡು ಜನ ಬೆಳ್ಳಗಿನವರು ಎಣ್ಣೆಯ ಹೊಳಪಿಲ್ಲದ ಚರ್ಮದಲ್ಲಿ ನಿಂತಿದ್ದರು. ನಾವು ಒಂದು ಗುಂಪು ಹೊಳೆಯುತ್ತ ನಿಂತಿದ್ದೆವು. ಪತ್ತೇದಾರಿಕೆಗೆ ಹೆಚ್ಚು ಅವಕಾಶವಿರಲಿಲ್ಲ. ಛತ್ರಿಯ ಕೆಳಗಿನಿಂದ ಅಕ್ಕ ಆಸ್ಪತ್ರೆಯ ಇಂಗ್ಲಿಷಿನಲ್ಲಿ, ಅದು ತೆಂಗಿನೆಣ್ಣೆ, ಶುದ್ಧವಾದದ್ದು, ನುಂಗಿದರೂ ಅಪಾಯವಿಲ್ಲ ಎಂದು ಘೋಷಿಸಿದಳು.

ನನ್ನ ಮಗಳು ಎದ್ದು ನನ್ನ ಪಕ್ಕದಲ್ಲೇ ಹಾದುಹೋಗುತ್ತ, "ಐ ಡೋಂಟ್ ನೋ ಯು ಪೀಪಲ್," ಎಂದು ಪಿಸುಗುಟ್ಟಿದಳು. ಅವಳ ಜಡೆಯಿಂದಲೂ ಎಣ್ಣೆ ತೊಟ್ಟಿಕ್ಕುತ್ತಿತ್ತು.

ಫಿಲ್ಟರ್ ಬಿಚ್ಚಿ ತೊಳೆಯುವ ತನಕ ಪೂಲ್ ಬಂದ್. ಇವತ್ತಂತೂ ಇಲ್ಲ, ನಾಳೆ ನೋಡೋಣ ಎಂದು ಮ್ಯಾನೇಜರ್ ಗೇಟಿಗೆ ಸರಪಳಿ ಹಾಕಿದಳು. ಆಗ ಭಾವ ಗಂಟಲು ಸರಿಮಾಡಿಕೊಂಡರು. "ತೆಂಗಿನೆಣ್ಣೆ ಮೆಲ್ಟಿಂಗ್ ಪಾಯಿಂಟು ಎಪ್ಪತ್ತಾರು ಡಿಗ್ರಿ ಫ್ಯಾರನ್‌ಹೀಟ್. ಈ ನೀರು ಎಪ್ಪತ್ತೂ ಇಲ್ಲ. ಹೆಪ್ಪುಗಟ್ಟಲೇಬೇಕು."

"ಮುಂಚೆ ಹೇಳೋಕೆ ಏನಾಗಿತ್ತು ನಿಮಗೆ?" ಎಂದು ಅಕ್ಕ ಕೇಳಿದಳು.

"ನೀನು ಕೇಳ್ಲಿಲ್ಲವಲ್ಲ."

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ನಮ್ಮ ಭಾವನನ್ನು ಮೀರಿಸುವವರಿಲ್ಲ.

ಆ ಮಧ್ಯಾಹ್ನ ತೊಂಬತ್ತು ಡಿಗ್ರಿ ಬಿಸಿಲು. ಇಡೀ ಕ್ಯಾಂಪ್‌ಗ್ರೌಂಡಿನ ಜನ ಸರಪಳಿ ಹಾಕಿದ ಗೇಟಿನ ತನಕ ಬಂದು, ಬೋರ್ಡ್ ಓದಿ, ನಮ್ಮ ಟೆಂಟುಗಳ ಕಡೆ ಒಂದು ನೋಟ ಎಸೆದು ಹೋಗುತ್ತಿದ್ದರು. ಆ ಅಜ್ಜ ಗಾಳಿ ತುಂಬಿದ ಹಕ್ಕಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡು ಸಲ ಬಂದು ಹೋದ. ಮಿಷಿಗನ್ ಕೆರೆಯ ದಡಕ್ಕೆ ಹೋಗೋಣ, ಹತ್ತಿರವೇ ಇದೆ ಎಂದು ಸೌತ್‌ಫೀಲ್ಡಿನವರು ಹೇಳಿದರು. ಅಲ್ಲಿ ಮರಳು, ಅಲೆ. ವಾಕರ್ ಮರಳಿನಲ್ಲಿ ಹೂತುಹೋಗುತ್ತದೆ ಎಂದು ಗೊತ್ತಾದ ಮೇಲೆ ಅವರೇ ಮಾತು ಹಿಂದಕ್ಕೆ ತೆಗೆದುಕೊಂಡು, ಮಕ್ಕಳನ್ನಷ್ಟೇ ಕರೆದುಕೊಂಡು ಹೋದರು.

ನನಗೆ ವಿಪರೀತ ಸಿಟ್ಟು ಬಂದಿತ್ತು. ಎಣ್ಣೆಯ ಮೇಲೆ, ನೀರಿನ ಮೇಲೆ, ಮೆಲ್ಟಿಂಗ್ ಪಾಯಿಂಟಿನ ಮೇಲೆ. ಹೆಚ್ಚು ಸಿಟ್ಟು ಬಂದದ್ದು ಅಕ್ಕನ ಮೇಲೆ, ಏಕೆಂದರೆ ಅವಳು ನಗುತ್ತಿದ್ದಳು. ಯಜಮಾನರು ಹಾರಿದ್ದನ್ನು, ಅಜ್ಜ ತೋಳು ಮೂಸಿದ್ದನ್ನು ನನ್ನ ಹೆಂಡತಿಗೆ ಮತ್ತೆ ಮತ್ತೆ ಅಭಿನಯಿಸಿ ತೋರಿಸಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಅಷ್ಟು ಹಗುರವಾಗಿ ಅವಳನ್ನು ಆ ಚಳಿಗಾಲದಲ್ಲೆಲ್ಲ ಕಂಡಿರಲಿಲ್ಲ.

"ನೀನು ಇವತ್ತು ಇಳೀಬೇಕಾಗಿತ್ತಲ್ಲ ಅಕ್ಕ," ಎಂದೆ, ಸ್ವಲ್ಪ ಗಡಸಾಗಿಯೇ.

ಅವಳ ನಗು ನಿಂತಿತು. "ಒಂದು ದಿನ ಸಿಕ್ತು ಅಂದ್ಕೊಳ್ಳೋ," ಅಂದಳು. ಆಮೇಲೆ ಕೈಗೆ ಅಂಟಿದ್ದ ಎಣ್ಣೆಯನ್ನು ಕಾಲಿಗೆ ಸವರಿಕೊಳ್ಳುತ್ತ ಕುಳಿತಳು. ಇಳಿಯಲು ಅವಳಿಗೂ ಭಯವೆಂದು ನನಗೆ ಆಗ ಅರ್ಥವಾಯಿತು. ಸಿಟ್ಟು ಇಳಿದುಹೋಗಿ ಅದಕ್ಕಿಂತ ಕೆಟ್ಟದ್ದೇನೋ ಬಂದು ಕುಳಿತುಕೊಂಡಿತು.

ಭಾನುವಾರ ಬೆಳಗ್ಗೆ ನಾವು ಟೆಂಟ್ ಮಡಿಸುತ್ತಿರುವಾಗ ಮ್ಯಾನೇಜರ್ ತಾನೇ ಬಂದಳು. ಪೂಲ್ ತೆರೆದಿದೆ, ಹೊರಡುವ ಮುಂಚೆ ನಿಮ್ಮ ಅಕ್ಕ ಇಳಿಯಬಹುದು, ನೀರು ಸ್ವಲ್ಪ ಬೆಚ್ಚಗೂ ಇದೆ ಅಂದಳು. ರಾತ್ರಿ ಬಹಳ ಹೊತ್ತು ಅವಳು ಆ ಫಿಲ್ಟರಿನ ಜೊತೆ ಒದ್ದಾಡಿದ್ದು ನಮಗೆಲ್ಲ ಗೊತ್ತಿತ್ತು. ಒಳ್ಳೆಯ ಹೆಂಗಸು. ಆ ಕ್ಷಣದಲ್ಲಿ ಅವಳ ಒಳ್ಳೆಯತನ ನನಗೆ ಬೇಕಾಗಿರಲಿಲ್ಲ.

ಒಂದೇ ಷರತ್ತು, ಶವರ್. ಗೇಟಿನ ಪಕ್ಕ ಶಾಂಪೂ ಬಾಟಲಿ ಹಿಡಿದು ಅವಳೇ ನಿಂತಳು. ಶಾಲೆಯಲ್ಲಿ ಹೇನು ನೋಡಲು ನಿಲ್ಲಿಸುವಂತೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಅಂಗೈಗೂ ಹಾಕಿದಳು. ಭಾವ ಹುಬ್ಬಿಗೂ ಹಚ್ಚಿಕೊಂಡು ತೊಳೆದರು. ಯಜಮಾನರಿಗೆ ಮೂರು ಸಲ ಕೊಟ್ಟಳು. "ಅರಮನಿ ಪ್ರವೇಶಕ್ಕೂ ಇಷ್ಟ ತಿಕ್ಕಸಂಗಿಲ್ರಿ," ಎಂದು ಅವರು ಗೊಣಗಿದರು. ನನ್ನ ನುಣ್ಣನೆಯ ತಲೆಗೂ ಎರಡು ಸಲ ನೊರೆ ಬರಿಸಿಕೊಂಡೆ.

ಭಾವ ಒಂದು ಕಡೆ, ನಾನು ಒಂದು ಕಡೆ ಹಿಡಿದು ಅಕ್ಕನನ್ನು ಮೆಟ್ಟಿಲ ತನಕ ತಂದೆವು. ಕಂಬಿಯ ಮೇಲೆ ತೋಳಿನ ಭಾರ ಹಾಕಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದಳು. ಇಳಿದದ್ದು ತೋಳುಗಳೇ, ಕಾಲುಗಳು ಹಿಂದೆ ಬಂದವು. ನೀರು ಎದೆಗೆ ಬಂದಾಗ ದೊಡ್ಡದಾಗಿ ಉಸಿರು ಬಿಟ್ಟು ಕಣ್ಣು ಮುಚ್ಚಿದಳು. ಭಾವನನ್ನು ಮೇಲಕ್ಕೆ ಕಳಿಸಿದಳು, ಅಲ್ಲಿಂದ ನೋಡಿ ಅಂತ. ಆಚೆ ಗೋಡೆ ಎದುರಿಗೇ ಇತ್ತು. ನಾಲ್ಕು ಮಾರು ದೂರ ಇರಬಹುದು, ಅಷ್ಟೇ. ನೀಲಿ ಹೆಂಚು, ಮೇಲೆ ಒಂದು ಮಗುವಿನ ಚಪ್ಪಲಿ.

"ಕೈ ಬಿಡು," ಅಂದಳು.

ಬಿಟ್ಟೆ.

ಅವಳ ಭುಜ ಮುಂದಕ್ಕೆ ಹೋಯಿತು. ಕೈಗಳು ನೀರನ್ನು ತಳ್ಳಿದವು. ಸೊಂಟದ ಕೆಳಗೆ ಏನೂ ಆಗಲಿಲ್ಲ. ನೀರು ತಿಳಿಯಾಗಿತ್ತು, ರಾತ್ರಿಯೆಲ್ಲ ಸೋಸಿದ ನೀರು. ಕೆಳಗೆ ಅವಳ ಎರಡು ಪಾದಗಳು ಹೇಗೆ ಇಟ್ಟಿದ್ದಳೋ ಹಾಗೇ ಇದ್ದದ್ದು ನನಗೆ ಕಾಣುತ್ತಿತ್ತು. ಮತ್ತೊಮ್ಮೆ ಪ್ರಯತ್ನಿಸಿದಳು. ಮುಖ ಬಿಗಿಯಾಯಿತು. ಮಂಡಿ ಕುಸಿದು ಪಕ್ಕಕ್ಕೆ ವಾಲಿದಾಗ ನಾನು ತೋಳು ಹಿಡಿದೆ. ನೀರಿನಲ್ಲಿ ನಿಜವಾಗಿಯೂ ಅವಳಿಗೆ ಭಾರವೇ ಇರಲಿಲ್ಲ.

ಅವಳು ನನ್ನ ಮುಖ ನೋಡಲಿಲ್ಲ. "ಜಾರ್ತಿದೆ ಕಣೋ," ಅಂದಳು. "ನೆಲದಲ್ಲಿ ಎಣ್ಣೆ ಇನ್ನೂ ಉಳಿದಿದೆ. ಅದಕ್ಕೇ ಕಾಲು ನಿಲ್ತಿಲ್ಲ."

ನನ್ನ ಕಾಲ ಕೆಳಗಿನ ನೆಲ ಒರಟಾಗಿತ್ತು, ಹಿಮ್ಮಡಿಗೆ ಚುಚ್ಚುವಷ್ಟು. ಐವತ್ತು ವರ್ಷ ಅವಳ ಬಾಯಲ್ಲಿ ಕೇಳಿದ ಆ ಗಾದೆ ಇಬ್ಬರಿಗೂ ನೆನಪಾಗಿತ್ತು. ಈಗ ಅವಳು ನನ್ನ ಕಡೆ ನೋಡಿದಳು, ಹೇಳುತ್ತೀಯಾ ಎನ್ನುವ ಹಾಗೆ.

"ಹೌದು ಅಕ್ಕ," ಎಂದೆ. "ತುಂಬಾ ಜಾರುತ್ತೆ. ನನಗೂ ನಿಲ್ಲೋಕಾಗ್ತಿಲ್ಲ."

ದಡದಲ್ಲಿ ಭಾವ ಟವೆಲ್ ಹಿಡಿದುಕೊಂಡು ನಿಂತಿದ್ದರು.

ಮೆಟ್ಟಿಲು ಹತ್ತಿಸಲು ನಮ್ಮಿಂದ ಆಗಲಿಲ್ಲ. ಮ್ಯಾನೇಜರ್ ಆ ಪ್ಲಾಸ್ಟಿಕ್ ಕುರ್ಚಿಯನ್ನು ನೀರಿಗೆ ಇಳಿಸಿದಳು. ನಾನು ಅಕ್ಕನನ್ನು ಅದರಲ್ಲಿ ಕೂರಿಸಿ ಪಟ್ಟಿ ಕಟ್ಟಿದೆ. ಗುಂಡಿ ಒತ್ತಿದಾಗ ಅದು ಸಣ್ಣಗೆ ಗೊರಗುಟ್ಟುತ್ತ ಮೇಲೆದ್ದಿತು; ಅವಳ ಪಾದಗಳಿಂದ ನೀರು ಸುರಿಯಿತು. ದಡದಲ್ಲಿದ್ದವರೆಲ್ಲ ಬೇರೆ ಕಡೆ ನೋಡಿದರು, ನನ್ನ ಮಗಳೊಬ್ಬಳನ್ನು ಬಿಟ್ಟು. ಅವಳು ತನ್ನ ಮಂಚದಿಂದ ಎದ್ದು ಬಂದು, ಅತ್ತೆಯ ಒದ್ದೆ ಕೂದಲನ್ನು ಮುಖದಿಂದ ಹಿಂದಕ್ಕೆ ಸರಿಸಿ, ಪಕ್ಕದಲ್ಲಿ ನಿಂತಳು. ಗಣೇಶನ ಮಾತನ್ನು ಈ ಸಲ ಯಾರೂ ಎತ್ತಲಿಲ್ಲ.

ಬಟ್ಟೆ ಬದಲಿಸಿ ಬಂದ ಮೇಲೆ ಅಕ್ಕ ನನ್ನನ್ನು ಕರೆದು ಎದುರಿಗೆ ನೆಲದ ಮೇಲೆ ಕೂರಿಸಿಕೊಂಡಳು. ಟವೆಲಿನಿಂದ ನನ್ನ ತಲೆ ಒರೆಸಿದಳು. ಒಣಗಿ ಎಷ್ಟೋ ಹೊತ್ತಾಗಿತ್ತು, ಆದರೂ ಒರೆಸಿದಳು. ಆಮೇಲೆ ಅಂಗೈಯಿಂದ ನೆತ್ತಿಯನ್ನು ಒಮ್ಮೆ ಸವರಿ ನೋಡಿ, "ಒಂದು ಹನಿ ಎಣ್ಣೆಯೂ ಉಳಿದಿಲ್ವಲ್ಲೋ," ಅಂದಳು.

ಅವಳ ಕೈಯಿಂದ ಟವೆಲ್ ತೆಗೆದುಕೊಂಡು ಮಡಿಸಿದೆ. ಅವಳೇ ಮುಂದುವರಿಸಿದಳು.

"ಆ ಚೇರ್ ತರಿಸಿ ಅಂತ ನಿಮ್ಮ ಭಾವಂಗೆ ನೀನೇ ಹೇಳ್ಬಿಡು. ನನ್ನ ಬಾಯಲ್ಲಿ ಬರಲ್ಲ."

ಭಾವ ಕಾರಿನ ಮೇಲಿನ ಸಾಮಾನಿಗೆ ಹಗ್ಗ ಬಿಗಿಯುತ್ತಿದ್ದರು. ಹೋಗಿ ಹೇಳಿದೆ. ಅವರ ಕೈ ನಿಲ್ಲಲಿಲ್ಲ. ಗಂಟು ಹಾಕಿ, ಎಳೆದು ನೋಡಿ, ಆಮೇಲೆ ಅಂದರು: "ಅದು ಏಪ್ರಿಲ್‌ನಲ್ಲೇ ಬಂತು ಕಣಯ್ಯ. ಗರಾಜಲ್ಲಿದೆ. ಮೇಲೆ ಹಳೇ ಬೆಡ್‌ಶೀಟ್ ಹೊದಿಸಿಟ್ಟಿದೀನಿ."

ನಾನು ಕಾರಿನ ಕಡೆ ನೋಡಿದೆ. ಗಾಜಿನ ಮೇಲೆ ಮೂರು ತಿಂಗಳ ಮರದ ಅಂಟು ಒಣಗಿ ಕುಳಿತಿತ್ತು.

"ಅಕ್ಕಂಗೆ ಗೊತ್ತಾ?"

"ಕಾರು ಯಾಕೆ ಹೊರಗೆ ನಿಲ್ಲಿಸ್ತಿದೀರಿ ಅಂತ ಅವಳು ಒಂದು ದಿನಾನೂ ಕೇಳಿಲ್ಲ," ಅಂದರು ಭಾವ. ಹಗ್ಗದ ಇನ್ನೊಂದು ತುದಿಯನ್ನು ನನ್ನ ಕಡೆಗೆ ಎಸೆದರು. ನಾನು ಅದನ್ನು ಬಿಗಿಯಾಗಿ ಹಿಡಿದುಕೊಂಡು, ಅವರು ಗಂಟು ಹಾಕುವ ತನಕ ನಿಂತಿದ್ದೆ.